ಪಾಪಕ್ಕ ಮೇನ್ ಆಫ್ ಮಾಡಿದ ಕಥೆ

೧

ಎಲ್ಲಿಂದ ಶುರು ಮಾಡಲಿ? ಮಾರಿಕುಪ್ಪಂ ರೈಲು ಬಂಗಾರಪೇಟೆಗೆ ಬಂದು ನಿಂತಿತು ಅಂತಲೇ? (ಬೇಡ. ರೈಲಿನಿಂದ ಶುರುವಾಗುವ ಕಥೆಗಳನ್ನು ಓದಿ ನಿಮಗೂ ಸಾಕಾಗಿರುತ್ತದೆ.) ಸೀದಾ ಹೇಳಿಬಿಡುತ್ತೇನೆ. ಬಂಗಾರಪೇಟೆಯ ಶಶಿರೇಖ ಸುತ್ತಲ ಹಳ್ಳಿಗಳ ಹಾಲಿನ ಡೈರಿಗಳಿಗೆ ಇಂಟರ್ನೆಟ್ ಲೈನ್ ಎಳೆದಿದ್ದಾಳೆ. ಯಾವ ಲೈನ್ ಸರಿಯಿದೆ, ಯಾವುದು ಕೆಟ್ಟಿದೆ ಎಂದು ಕಾವಲು ಕಾಯುವ ಸಾಫ್ಟ್‌ವೇರ್ ಒಂದನ್ನು ಇವತ್ತು ಕೂರಿಸಬೇಕು. ಸಂಜೆ ಡೈರಿಗಳ ಮ್ಯಾನೇಜರ್ ಆದಿನಾರಾಯಣ ಬಂದು ನೋಡುವಾಗ ಪರದೆಯಲ್ಲಿ ಒಂದು ಡೈರಿಯೂ ಕೆಂಪಾಗಿರಬಾರದು. ಕೆಂಪಾದರೆ ಕೆಲಸ ಬೇರೆಯವರ ಪಾಲು.

೨

ಆ ಸಾಫ್ಟ್‌ವೇರ್ ಮಹಾ ಮಡಿವಂತ. ಅದಕ್ಕೆ ಪ್ರತ್ಯೇಕ ಕಂಪ್ಯೂಟರೇ ಬೇಕು. ಅಷ್ಟು ಅನುಕೂಲ ಇಲ್ಲದಿದ್ದರೆ, ಇರುವ ಕಂಪ್ಯೂಟರಿನೊಳಗೇ ಗೋಡೆ ಹಾಕಿ ಇನ್ನೊಂದು ಮಾಡಿಕೊಡಬೇಕು. ಅದೇ ವರ್ಚುವಲ್ ಮಷಿನ್. ಅದಕ್ಕೆ ಇಷ್ಟು ಮೆಮೊರಿ, ಇಷ್ಟು ಜಾಗ, ಬದಲಾಗದ ವಿಳಾಸ. (ಇಲ್ಲಿ ಇನ್ನೊಂದು ಬೇಡಿಕೆ ಇತ್ತು. ನಿಮಗೆ ಬೋರಾಗುತ್ತದೆಂದು ಹೊಡೆದುಹಾಕಿದೆ.) ಎಲ್ಲವನ್ನೂ ಶಶಿರೇಖಳ ಜೊತೆಗಾರ, ಉರಿಗಾಂನ ವಿಜಯಕುಮಾರ್, ಮಧ್ಯಾಹ್ನದೊಳಗೆ ಕೊಟ್ಟು ಮುಗಿಸಿದ. ಪರದೆ ಹಸಿರಾಯಿತು, ಪಾಪಕ್ಕ ನೋಡಿಕೊಳ್ಳುವ ಡೈರಿಯೊಂದು ಬಿಟ್ಟು.

೩

(ಕೈಬಿಟ್ಟ ಡ್ರಾಫ್ಟ್.) ಶಶಿರೇಖ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

"ನಾನ್ಯಾಕೆ ಅಳ್ಲಿ?" ಅಂದಳು ಶಶಿರೇಖ. "ಫೋನ್ ಮಾಡಿ ಕೇಳ್ತೀನಿ, ಸುಮ್ನಿರಿ ಸಾರ್."

೪

ಕೇಳಿದಳು. ಬೆಳಗಿನ ಹಾಲು ಅಳೆದು ಕಳಿಸಿ, ಕ್ಯಾನ್ ತೊಳೆದು, ಮೇನ್ ಆಫ್ ಮಾಡಿ, ಆ ಸ್ವಿಚ್ಚಿಗೆ ಕೈಮುಗಿದು, ಬೀಗ ಹಾಕಿಕೊಂಡು ಪಾಪಕ್ಕ ಮನೆಗೆ ಹೋಗಿದ್ದಳು. ಲೈನ್ ಕೆಟ್ಟಿಲ್ಲ, ಅಲ್ಲಿನ ಇಂಟರ್ನೆಟ್ ಪೆಟ್ಟಿಗೆಗೆ ಕರೆಂಟೇ ಇಲ್ಲ. ನಾನು ತಕ್ಷಣ ಬರೆದೆ: ಪಾಪಕ್ಕ ವಾಪಸ್ ಹೋಗಿ ಮೇನ್ ಆನ್ ಮಾಡಿದಳು.

"ಏನಪ್ಪೋ, ನೀನ್ ಬರ್ದ್‌ಬುಟ್ರೆ ಆಗೋಯ್ತಾ?" ಪಾಪಕ್ಕ ನನ್ನನ್ನೇ ಗದರಿದಳು. "ಮೇನ್ ಆಫ್ ಮಾಡ್ದೆ ನಾನ್ ಯಾವತ್ತೂ ಬೀಗ ಆಕಿಲ್ಲ. ಯಾರೂ ಇಲ್ದಿರೋ ಕಡೆ ಕರೆಂಟ್ ಓಡಾಡ್ಬಾರ್ದು. ಸಂಜೆ ಆಲಿನ್ ಒತ್ಗೆ ಬತ್ತೀನಿ, ಓಗು."

ನನಗೆ ಸಿಟ್ಟು ಬಂತು, ಶಶಿರೇಖಳಿಗೆ ನಗು. "ಅವ್ರೇಳೋದು ಸರೀನೇ," ಎಂದು ಅವಳು ಪಾಪಕ್ಕನನ್ನು ಬಿಟ್ಟು ಸಾಫ್ಟ್‌ವೇರನ್ನೇ ತಿದ್ದಿದಳು: ಹಾಲಿನ ಹೊತ್ತಿನಲ್ಲಿ ಮಾತ್ರ ಈ ಡೈರಿಯನ್ನು ನೋಡು, ಉಳಿದ ಹೊತ್ತು ಬೂದು ಬಣ್ಣ ತೋರಿಸು.

೫

ಆದರೂ ಕೆಂಪು!

"ಅಕ್ಕಾ, ಇಂಗ ಪಾರು, ಇಲ್ನೋಡು," ಎಂದ ವಿಜಯಕುಮಾರ್. "ಒಳಗಿನ ಮಷಿನ್ ಟೈಮು ಐದೂವರೆ ಗಂಟೆ ಹಿಂದೈತೆ. ನಮ್ಗೆ ಮಧ್ಯಾನ, ಇದ್ಕೆ ಇನ್ನೂ ಬೆಳಗಿನ ಆಲು."

ಶಶಿರೇಖ ನನ್ನ ಕಡೆ ತಿರುಗಿದಳು. "ಒಳಗಿನ ಗಡಿಯಾರ, ಹೊರಗಿನ ಗಡಿಯಾರ ಒಂದೇ ಇರ್ಬೇಕು ಅನ್ನೋ ಸಾಲು ಎಲ್ಲೋಯ್ತು ಸಾರ್?"

(ಎರಡನೇ ಭಾಗದ ಕಂಸ ನೆನಪಿದೆಯಲ್ಲ? ದಯವಿಟ್ಟು ಬಾಯಿ ಬಿಡಬೇಡಿ.) ಸಾಲನ್ನು ತೆಪ್ಪಗೆ ವಾಪಸ್ ಸೇರಿಸಿದೆ. ಗಡಿಯಾರಗಳು ಕೂಡಿದವು. ಕೆಂಪು ಹೋಗಿ ಬೂದಾಯಿತು.

೬

ಅಂತ್ಯ ಒಂದು: ಆದಿನಾರಾಯಣ ಬೂದು ಬಣ್ಣ ಕಂಡು ಮುಖ ಸಿಂಡರಿಸಿ ಎದ್ದುಹೋದರು. ("ಅಳಿಸಿ ಸಾರ್ ಅದನ್ನ," ಎಂದ ವಿಜಯಕುಮಾರ್.) ಅಂತ್ಯ ಎರಡು: ಶಶಿರೇಖಳಿಗೆ ಶಾಲು, ಹಾರ. (ನನಗೇ ನಂಬಿಕೆ ಬರಲಿಲ್ಲ.) ನಡೆದದ್ದು ಇಷ್ಟು.

"ಇದ್ಯಾಕಮ್ಮ ಬೂದು?" ಎಂದರು ಆದಿನಾರಾಯಣ.

"ಪಾಪಕ್ಕ ಮನೇಗೋಗವ್ರೆ ಸಾರ್. ಬತ್ತಾರೆ."

ಅವರು ಕುರ್ಚಿ ಎಳೆದುಕೊಂಡರು. ಟೀ ಬಂತು, ನನಗೂ ಒಂದು ಲೋಟ ಸಿಕ್ಕಿತು. ಹಾಲಿನ ಹೊತ್ತು ಹತ್ತಿರವಾಗುತ್ತಿತ್ತು. ಪಾಪಕ್ಕ ತಡಮಾಡಿದರೆ ಬೂದು ಕೆಂಪಾಗುತ್ತದೆ, ಶಶಿರೇಖಳ ಕೆಲಸ ಹೋಗುತ್ತದೆ. ಪಾಪಕ್ಕನನ್ನು ಚೂರು ಬೇಗ ನಡೆಸೋಣವೆಂದು ಪೆನ್ನು ಎತ್ತಿದೆ. ಬೈಗುಳ ನೆನಪಾಗಿ ಇಳಿಸಿದೆ.

ಬೂದು ಹಸಿರಾಯಿತು.

"ಆಯಮ್ಮ ಬಂದ್ಲು!" ಮೊದಲು ಕೂಗಿದವರು ಆದಿನಾರಾಯಣರೇ. "ಕೆಲ್ಸ ನಿಂದೇ ಕಣಮ್ಮ. ಎಲ್ಲಾ ಊರ್ಗೂ ಇಂಗೇ ಮಾಡು."

ನನಗೆ ತುಂಬ ಖುಷಿಯಾಯಿತು, ಸುಳ್ಳೇಕೆ. ಇದೇ ಸಮಯವೆಂದು 'ಮುಗಿಯಿತು' ಅಂತ ಬರೆಯಲು ಹೊರಟೆ.

"ಏಯ್ ಬರಿಯೋನೇ," ಪಾಪಕ್ಕನ ದನಿ. "ಇನ್ನೂ ಕ್ಯಾನ್ ತೊಳ್ದಿಲ್ಲ. ಈಗ್ಲೇ ಆಫ್ ಮಾಡ್ಬೇಡ."