ಅರ್ಜಿಗೂ ಒಂದು ಚೀಟಿ

ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಸರಿ, ಚೀಟಿ ಅಕ್ಕನ ಟೈಲರ್ ಅಂಗಡಿ ತೋರಿಸುತ್ತಾರೆ. ಆ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಬಟ್ಟೆ ಯಾರದೇ ಆಗಲಿ, ಮೊದಲು ಚೀಟಿ. ಅದರಲ್ಲಿ ನಂಬರು, ಬಟ್ಟೆ ಕೊಡುವ ತಾರೀಖು, ಕೆಳಗೆ ಅವಳ ಸಹಿ. ನಡುವೆ ಹರಿದು ಅರ್ಧವನ್ನು ಗುಂಡುಸೂಜಿಯಿಂದ ಬಟ್ಟೆಗೆ ಚುಚ್ಚುತ್ತಾಳೆ, ಇನ್ನರ್ಧ ಗಿರಾಕಿಯ ಕೈಗೆ. ಸ್ಕೂಲ್ ವ್ಯಾನ್ ಓಡಿಸುವ ಗಂಡನ ಅಂಗಿಗೆ ಒಂದು ಗುಂಡಿ ಹಾಕಬೇಕಾದರೂ ಇದೇ ಕಾಯ್ದೆ. ಒಮ್ಮೆ ಅವನು ಚೀಟಿ ಕಳೆದುಕೊಂಡು ಎರಡು ದಿನ ಗುಂಡಿಯಿಲ್ಲದ ಅಂಗಿಯಲ್ಲೇ ಓಡಾಡಿದ್ದನ್ನು ಬೀದಿ ಇನ್ನೂ ಮರೆತಿಲ್ಲ.

ಇಂಥ ಹೆಂಗಸಿಗೂ ಒಂದು ತೊಂದರೆ ಇತ್ತು, ಅದು ಹೊಸಿಲು ದಾಟಿದರೆ ಸಾಕು ಕಣ್ಣಿಗೆ ಬೀಳುತ್ತಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲಿಗೂ ರಸ್ತೆಗೂ ನಡುವೆ ಚರಂಡಿ. ಚರಂಡಿಯ ಮೇಲಿದ್ದ ಕಲ್ಲುಚಪ್ಪಡಿ ಎಂಟು ತಿಂಗಳ ಹಿಂದೆ ಮರಳು ಲಾರಿಯ ಚಕ್ರ ಹತ್ತಿ ಎರಡು ಹೋಳಾಗಿತ್ತು. ಗಂಡ ಅಡ್ಡಕ್ಕೆ ಒಂದು ಹಲಗೆ ಹಾಕಿದ್ದ. ಗಿರಾಕಿಗಳು ಹೇಗೋ ಹಾರಿ ಬರುತ್ತಿದ್ದರು. ಅವಳ ಅತ್ತೆ ಮಾತ್ರ ಹಾರುವ ವಯಸ್ಸಿನವರಲ್ಲ. ಹಲಗೆ ಜಾರಿ ಅವರ ಕಾಲು ಒಂದು ಸಲ ಚರಂಡಿಗೆ ಇಳಿದು ಕಣಕಾಲು ಊದಿಕೊಂಡಿತು. ಊತ ಇಳಿಯಿತು, ಹೆದರಿಕೆ ಇಳಿಯಲಿಲ್ಲ. ಎದುರು ಮರದ ಕೆಳಗಿನ ಬೆಂಚಿನಲ್ಲಿ ದಿನಾ ಸಂಜೆ ಗೆಳತಿಯರ ಜೊತೆ ಹರಟುತ್ತಿದ್ದ ಅತ್ತೆ ಅಂದಿನಿಂದ ಅಂಗಡಿಯ ಒಳಗೇ ಕುಳಿತರು. ಬೆಂಚು ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಸಿಗುತ್ತಿರಲಿಲ್ಲ.

ಚೀಟಿ ಅಕ್ಕ ಪುರಸಭೆಗೆ ಮೂರು ಸಲ ಅರ್ಜಿ ಕೊಟ್ಟಿದ್ದಳು. ಪ್ರತಿ ಸಲವೂ 'ಇಟ್ಟು ಹೋಗಿ, ನೋಡ್ತೀವಿ' ಅಂದರು. ಇಟ್ಟು ಬಂದಳು. ಯಾರೂ ನೋಡಲಿಲ್ಲ.

ಹೀಗಿರುವಾಗ ಪುರಸಭೆ ಚುನಾವಣೆ ಬಂತು. ಒಂದು ಬೆಳಗ್ಗೆ, ಅವಳು ಕಾಜ ಹೊಲಿಯುತ್ತ ಕುಳಿತಿದ್ದಾಗ, ಟಪಾಲಣ್ಣ ಹಲಗೆಯ ಮೇಲೆ ಹುಷಾರಾಗಿ ಕಾಲಿಟ್ಟುಕೊಂಡು ಬಂದರು. ಮೂವತ್ತು ವರ್ಷ ಪುರಸಭೆಯ ಟಪಾಲು ವಿಭಾಗದಲ್ಲಿ ಗುಮಾಸ್ತರಾಗಿ, ಬಂದ ಕಾಗದ ತೆಗೆದುಕೊಳ್ಳುವ ಕೆಲಸ ಮಾಡಿ ನಿವೃತ್ತರಾದವರು. ಈಗ ಯಾವ ಪಕ್ಷವೂ ಇಲ್ಲದೆ ಸ್ವತಂತ್ರವಾಗಿ ಚುನಾವಣೆಗೆ ನಿಂತಿದ್ದರು. ಕೈಯಲ್ಲಿ ಕರಪತ್ರ ಇರಲಿಲ್ಲ. ಒಂದು ಪ್ಯಾಂಟ್ ಇತ್ತು.

"ಇದರ ಸೊಂಟ ಎರಡು ಇಂಚು ಹಿಡೀಬೇಕಮ್ಮ. ಮನೆಮನೆ ಸುತ್ತಿ ಸುತ್ತಿ ಮೈಯೆಲ್ಲ ಕರಗಿಹೋಗಿದೆ. ಭಾಷಣ ಮಾಡೋವಾಗ ಒಂದು ಕೈಯಲ್ಲಿ ಪ್ಯಾಂಟ್ ಹಿಡ್ಕೊಂಡೇ ಇರಬೇಕು."

ಒಳಗಿನ ಕುರ್ಚಿಯಿಂದ ಅತ್ತೆ ಬಾಯಿ ಹಾಕಿದರು. "ಗೆದ್ದ ಮೇಲೆ ಬೊಜ್ಜು ಬಂದೇ ಬರುತ್ತಲ್ಲಪ್ಪ, ಆಗ ಮತ್ತೆ ಬಿಚ್ಚಿಸ್ಬೇಕಾಗುತ್ತೆ. ಸ್ವಲ್ಪ ಬಟ್ಟೆ ಒಳಗೆ ಬಿಟ್ಟಿರೇ."

ಟಪಾಲಣ್ಣ ನಕ್ಕರು. ಚೀಟಿ ಅಕ್ಕ ನಗಲಿಲ್ಲ. ಟೇಪು ಹಿಡಿದು ಅಳತೆ ತೆಗೆದಳು, ಚೀಟಿ ಬರೆದಳು, ಹರಿದು ಕೊಟ್ಟಳು. ಆಮೇಲೆ ಮತ್ತೆ ಸೂಜಿ ಹಿಡಿದು, ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟಳು.

"ಟಪಾಲಣ್ಣ, ಬೇಜಾರು ಮಾಡ್ಕೋಬೇಡಿ. ನಮ್ಮ ಮನೇಲಿ ಈ ಸಲ ಯಾರೂ ಓಟು ಹಾಕಲ್ಲ. ಯಾರು ಬಂದ್ರೂ ಅಷ್ಟೇ. ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ಮೂರು ಅರ್ಜಿ ಕೊಟ್ಟೆ, ಒಂದಾದ್ರೂ ಏನಾಯ್ತು ಅಂತ ಗೊತ್ತಾ?"

"ಗೊತ್ತು."

ಅವಳು ಸೂಜಿ ನಿಲ್ಲಿಸಿದಳು.

"ಕಚೇರಿ ಮೆಟ್ಟಿಲ ಕೆಳಗೆ ಒಂದು ಗೋಣಿಚೀಲ ಇದೆ. ನಂಬರ್ ಬೀಳದ ಅರ್ಜಿಗಳೆಲ್ಲ ಅದಕ್ಕೆ ಹೋಗ್ತವೆ. ಎಷ್ಟೋ ವರ್ಷ ಆ ಚೀಲ ತುಂಬಿಸಿದ್ದು ನಾನೇ. ನಿಮ್ಮ ಮೊದಲನೇ ಅರ್ಜಿ ಬಂದಾಗ ನಾನಿನ್ನೂ ಕೆಲಸದಲ್ಲಿದ್ದೆ. ಅದನ್ನೂ ನಾನೇ ಹಾಕಿರಬೇಕು."

ಚೀಟಿ ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಪ್ಯಾಂಟನ್ನು ಅವರ ಮುಖದ ಮೇಲೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಚೀಟಿ ಬರೆದಾಗಿತ್ತಲ್ಲ.

"ನಾಚಿಕೆ ಆಗಲಿಲ್ವೇನಪ್ಪ?" ಅಂದರು ಅತ್ತೆ.

"ಆಯ್ತಮ್ಮ. ಬಂದ ಪ್ರತಿ ಕಾಗದಕ್ಕೂ ನಂಬರ್ ಹಾಕೋಣ, ಕೊಟ್ಟೋರಿಗೆ ರಸೀದಿ ಕೊಡೋಣ ಅಂತ ಎರಡು ಸಲ ಮೇಲಿನೋರಿಗೆ ಬರೆದೆ. 'ನಿಂಗ್ಯಾಕಯ್ಯ ಇಲ್ಲದ ಉಸಾಬರಿ' ಅಂದ್ರು. ಸುಮ್ಮನಾದೆ. ಸುಮ್ಮನಾದದ್ದು ತಪ್ಪು. ಅದಕ್ಕೇ ಈಗ ನಿಂತಿದ್ದೀನಿ. ಎರಡು ಪಕ್ಷದೋರು ಕರೆದ್ರು, ಆದ್ರೆ ಈ ಗೋಣಿಚೀಲದ ವಿಷಯ ಎತ್ತಬಾರದು ಅಂದ್ರು. ಎತ್ತೋದಕ್ಕೇ ತಾನೇ ನಾನು ನಿಂತಿರೋದು?"

"ಸರಿ, ಗೆದ್ದು ಏನು ಮಾಡ್ತೀರಿ?" ಚೀಟಿ ಅಕ್ಕನ ದನಿಯಲ್ಲಿ ಇನ್ನೂ ಖಾರವಿತ್ತು.

ಟಪಾಲಣ್ಣ ತಮ್ಮ ಕೈಯಲ್ಲಿದ್ದ ಅರ್ಧ ಚೀಟಿಯನ್ನು ಮೇಲೆತ್ತಿ ತೋರಿಸಿದರು.

"ಇದನ್ನೇ. ಪ್ರತಿ ಅರ್ಜಿಗೂ ನಂಬರು, ತಾರೀಖು, ತಗೊಂಡೋರ ಸಹಿ. ಕಾಗದಕ್ಕೆ ನಂಬರ್ ಬಿತ್ತು ಅಂದ್ರೆ ಅದಕ್ಕೊಬ್ಬ ವಾರಸುದಾರ ಹುಟ್ಟಿದ ಹಾಗೆ. 'ಎಲ್ಲಿ ಹೋಯ್ತು' ಅಂದ್ರೆ ಯಾರಾದ್ರೂ ಬಾಯಿ ಬಿಡಲೇಬೇಕು. ಆಮೇಲೆ ಕಚೇರಿ ಬಾಗಿಲಲ್ಲಿ ಒಂದು ಬೋರ್ಡು. ಯಾವ ಅರ್ಜಿ ಯಾರ ಮೇಜಿನ ಮೇಲಿದೆ, ಎಷ್ಟು ದಿನದಿಂದ ಇದೆ, ಎಲ್ಲ ಅದರಲ್ಲಿ. ದಾರೀಲಿ ಹೋಗೋರೂ ಓದ್ಲಿ."

"ನೀವು ಒಬ್ಬರೇ. ಪಕ್ಷ ಇಲ್ಲ, ಪಂಗಡ ಇಲ್ಲ. ಸಭೇಲಿ ನಿಮ್ಮ ಒಂದು ಕೈ ಎದ್ದರೆ ಯಾರು ನೋಡ್ತಾರೆ?"

"ಠರಾವು ಪಾಸಾಗೋಕೆ ಹೆಚ್ಚು ಕೈ ಬೇಕಮ್ಮ, ನಿಜ. ಪ್ರಶ್ನೆ ಕೇಳೋಕೆ ಒಂದು ಬಾಯಿ ಸಾಕು. ಜನ ಹಿಂದೆ ನಿಂತ್ರೆ ಕೈಗಳು ತಾವಾಗೇ ಏಳ್ತವೆ." ಹೊರಡಲು ಎದ್ದವರು ಬಾಗಿಲಲ್ಲಿ ತಿರುಗಿದರು. "ಒಂದು ಮಾತು ಕೇಳ್ಲಾ? ಚೀಟಿ ಇಲ್ಲದೆ ಒಂದು ಗುಂಡಿ ಹಾಕದ ನೀವು, ಮೂರು ಸಲ ಅರ್ಜಿ ಕೊಟ್ಟು ಬರಿಗೈಲಿ ಹೇಗೆ ವಾಪಸ್ ಬಂದ್ರಿ? ನಾನು ಗೆಲ್ಲೋವರೆಗೂ ಕಾಯಬೇಡಿ. ಈಗಲೇ ಹೋಗಿ ರಸೀದಿ ಕೇಳಿ. ನಾನು ಸೋತ್ರೂ ಅದು ನಿಮ್ಮ ಹಕ್ಕೇ."

ಅವರು ಹೋದ ಮೇಲೆ ಅತ್ತೆ ಕಿಸಕ್ಕನೆ ನಕ್ಕರು. "ಗಂಡನಿಗೊಂದು ಕಾಯ್ದೆ, ಪುರಸಭೆಗೊಂದು ಕಾಯ್ದೆ!"

ಚೀಟಿ ಅಕ್ಕನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಹೌದಲ್ಲ, ಆ ಕಚೇರಿಯ ಮೆಟ್ಟಿಲು ಹತ್ತಿದ ಕೂಡಲೇ ತಾನು ಟೈಲರ್ ಅನ್ನುವುದೇ ಮರೆತುಹೋಗಿ, ಬೇಡಲು ಬಂದವಳ ಹಾಗೆ ನಿಲ್ಲುತ್ತಿದ್ದೆನಲ್ಲ ಅನ್ನಿಸಿತು.

ಮಾರನೆಯ ದಿನ ಅವಳು ನಾಲ್ಕನೆಯ ಅರ್ಜಿ ಬರೆದಳು, ಎರಡು ಪ್ರತಿ. ಹೊರಡುವಾಗ ಏನೋ ಹೊಳೆದು, ಅಂಗಡಿಯ ಚೀಟಿ ಪುಸ್ತಕವನ್ನೂ ಗುಂಡುಸೂಜಿಯ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡಳು.

ಕಿಟಕಿಯ ಹಿಂದಿದ್ದ ಗುಮಾಸ್ತ ಎಂದಿನಂತೆ ತಲೆಯೆತ್ತದೆ, "ಇಟ್ಟು ಹೋಗಿ" ಅಂದ.

"ರಸೀದಿ ಕೊಡಿ, ಹೋಗ್ತೀನಿ."

"ರಸೀದಿ ಪುಸ್ತಕ ಮುಗಿದಿದೆ."

"ಪರವಾಗಿಲ್ಲ, ನಾನು ತಂದಿದ್ದೀನಿ." ಅವಳು ಅಲ್ಲೇ ಚೀಟಿ ಬರೆದಳು. ನಂಬರು ನಾನೂರ ಹನ್ನೆರಡು. ವಸ್ತು ಎಂದಿದ್ದ ಕಡೆ 'ಚಪ್ಪಡಿ ಒಂದು' ಎಂದು ಬರೆದಳು. ಅರ್ಧವನ್ನು ಅರ್ಜಿಗೆ ಚುಚ್ಚಿ, ಇನ್ನರ್ಧವನ್ನು ಕಿಟಕಿಯೊಳಗೆ ತಳ್ಳಿದಳು. "ಯಾವತ್ತು ಕೊಡ್ತೀರೋ ಆ ತಾರೀಖು ಹಾಕಿ, ಸಹಿ ಮಾಡಿ."

ಗುಮಾಸ್ತ ಈಗ ತಲೆಯೆತ್ತಿದ. "ಏನಮ್ಮ, ಇದು ಟೈಲರ್ ಅಂಗಡಿ ಅಂದ್ಕೊಂಡ್ರಾ?"

"ಅಲ್ಲ ಅಂತ ಗೊತ್ತು. ಟೈಲರ್ ಅಂಗಡಿ ಆಗಿದ್ರೆ ಎಂಟು ತಿಂಗಳಿಗೆ ಬಾಗಿಲು ಹಾಕ್ಕೊಂಡು ಹೋಗಿರ್ತಿತ್ತು."

ಹಿಂದೆ ನಿಂತಿದ್ದ ಸಾಲು ಗೊಳ್ಳೆಂದು ನಕ್ಕಿತು. ನಲ್ಲಿ ಅರ್ಜಿ ಹಿಡಿದಿದ್ದ ಮುದುಕರೊಬ್ಬರು, "ನಂಗೂ ಒಂದು ಹರಿದು ಕೊಡಮ್ಮ" ಅಂದರು. ಅವರ ಹಿಂದಿನವಳೂ ಕೈ ಚಾಚಿದಳು. ನೋಡನೋಡುತ್ತಲೇ ಸಾಲಿನಲ್ಲಿದ್ದವರ ಕೈಯಲ್ಲೆಲ್ಲ 'ಅಳತೆ, ಬಣ್ಣ, ಗುಂಡಿ' ಎಂದು ಅಚ್ಚಾದ ಚೀಟಿಗಳು. ಗಲಾಟೆ ಕೇಳಿ ಒಳಗಿನಿಂದ ಮೇಲಧಿಕಾರಿ ಬಂದರು. ಚೀಟಿ ನೋಡಿದರು, ಸಾಲು ನೋಡಿದರು, ಗುಮಾಸ್ತನನ್ನೂ ನೋಡಿದರು. "ಬೀರುವಿನಲ್ಲಿ ಹೊಸ ರಸೀದಿ ಪುಸ್ತಕ ಇದೆಯಲ್ಲ, ತೆಗೀರಿ" ಅಂದರು. ಅವಳಿಗೆ ಸರಿಯಾದ ರಸೀದಿ ಸಿಕ್ಕಿತು. ಅದರಲ್ಲಿ ಹದಿನೈದು ದಿನ ಎಂದು ಬರೆದಿತ್ತು.

ಚಪ್ಪಡಿ ಹದಿನಾರನೆಯ ದಿನ ಬಂತು.

"ಒಂದು ದಿನ ತಡ" ಎಂದು ಗೊಣಗಿದಳು ಚೀಟಿ ಅಕ್ಕ.

"ಹೋಗ್ಲಿ ಬಿಡೇ. ಹೋದ ವರ್ಷ ನನ್ನ ರವಿಕೆ ಎಷ್ಟು ದಿನ ತಡ ಮಾಡಿದ್ದೆ, ನೆನಪಿದೆಯಾ?" ಅಂದರು ಅತ್ತೆ. ಸಿಮೆಂಟು ಒಣಗಿದ ದಿನ ಅವರು ಮಗನ ಕೈ ಹಿಡಿದು ಬಾಗಿಲಿಗೆ ಬಂದರು. ಒಂದು ಕಾಲು ಇಟ್ಟು ಒತ್ತಿ ನೋಡಿದರು. ಇನ್ನೊಂದನ್ನೂ ಇಟ್ಟರು. ಮಗನ ಕೈ ಬಿಟ್ಟರು. ಆಮೇಲೆ ಬೆಂಚಿನವರೆಗೆ ಒಬ್ಬರೇ ನಡೆದರು. ಬೆಂಚಿನಲ್ಲಿದ್ದ ಗೆಳತಿಯರು ಸರಿದು ಜಾಗ ಬಿಟ್ಟರು. ಅಂಗಡಿಯಿಂದ ನೋಡುತ್ತಿದ್ದ ಚೀಟಿ ಅಕ್ಕನಿಗೆ ಕಣ್ಣು ಮಂಜಾಗಿ ದಾರ ಪೋಣಿಸಲು ಆಗಲಿಲ್ಲ. ಅಷ್ಟು ಸಂತೋಷವಾಗಿತ್ತು.

ಮತದಾನಕ್ಕೆ ಎರಡು ದಿನ ಇರುವಾಗ ಟಪಾಲಣ್ಣ ಪ್ಯಾಂಟಿಗೆ ಬಂದರು.

"ಚೀಟಿ?" ಅಂದಳು ಅವಳು.

ಅವರು ಎಡ ಜೇಬು ತಡಕಿದರು. ಬಲ ಜೇಬು ತಡಕಿದರು. ಕನ್ನಡಕದ ಡಬ್ಬಿ ತೆಗೆದು ಅದರೊಳಗೂ ನೋಡಿದರು.

"ಊರಿಗೆಲ್ಲ ಚೀಟಿ ಕೊಡಿಸ್ತೀನಿ ಅನ್ನೋರೇ ಚೀಟಿ ಕಳ್ಕೊಂಡ್ರಾ?" ಅತ್ತೆ ಬೆಂಚಿನಿಂದಲೇ ಕೂಗಿದರು. ಬೀದಿಗೆ ಬೀದಿಯೇ ನಕ್ಕಿತು.

"ಸರಿ, ಪ್ಯಾಂಟ್ ಕೊಡ್ತೀನಿ. ಅದಕ್ಕೆ ಬದಲು ಇನ್ನೊಂದು ಚೀಟಿಗೆ ಸಹಿ ಹಾಕಿ" ಅಂದಳು ಚೀಟಿ ಅಕ್ಕ. ಅದರಲ್ಲಿ ಅವಳು ಆಗಲೇ ಬರೆದಿಟ್ಟಿದ್ದಳು: 'ಎಲ್ಲ ಅರ್ಜಿಗೂ ರಸೀದಿ. ಬಾಗಿಲಲ್ಲಿ ಬೋರ್ಡು.' ತಾರೀಖಿನ ಜಾಗ ಖಾಲಿ. "ಓಟು ಕೇಳೋಕೆ ಬಂದೋರಿಗೆಲ್ಲ ಇದನ್ನೇ ಕೊಟ್ಟೆ. ಒಬ್ಬರು ಆಮೇಲೆ ನೋಡೋಣ ಅಂದ್ರು. ಇನ್ನೊಬ್ಬರು ಓದದೇನೇ 'ಒಂದು ವಾರ' ಅಂತ ಬರೆದು ಹೋದ್ರು."

ಟಪಾಲಣ್ಣ ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದರು. "ಒಂದು ವಾರದಲ್ಲಿ ಆಗಲ್ಲಮ್ಮ. ಸಭೇಲಿ ಎಲ್ಲರನ್ನೂ ಒಪ್ಪಿಸ್ಬೇಕು. ಆರು ತಿಂಗಳು ಬೇಕು. ಒಪ್ಪದೇ ಹೋದ್ರೆ ಯಾರು ಒಪ್ಪಲಿಲ್ಲ ಅಂತ ಬಂದು ಹೇಳ್ತೀನಿ."

ಇಪ್ಪತ್ತು ವರ್ಷ ತಾರೀಖು ಕೊಟ್ಟು ಬದುಕಿದವಳಿಗೆ ಸುಳ್ಳು ತಾರೀಖು ಯಾವುದು, ನಿಜದ ತಾರೀಖು ಯಾವುದು ಎಂದು ಬೇರೆಯವರು ಹೇಳಬೇಕೆ? ನಾಳೆ ಕೊಡ್ತೀನಿ ಅನ್ನುವ ಟೈಲರಿಗಿಂತ, ಹತ್ತು ದಿನ ಬೇಕು ಅನ್ನುವವನನ್ನೇ ನಂಬಬೇಕು. ಅವರು 'ಆರು ತಿಂಗಳು' ಎಂದು ಬರೆದು ಸಹಿ ಹಾಕಿದ ಮೇಲೆ ಅವಳು ಚೀಟಿ ಹರಿದು ಅರ್ಧ ಅವರಿಗೆ ಕೊಟ್ಟಳು.

"ಇದನ್ನಾದ್ರೂ ಕಳೀಬೇಡಿ."

ಓಟಿನ ದಿನ ಮನೆಯ ಮೂವರೂ ಹೊರಟರು. ಎಲ್ಲರಿಗಿಂತ ಮುಂದೆ ಅತ್ತೆ. ಚಪ್ಪಡಿಯ ಮೇಲೆ ಬೇಕೆಂದೇ ಎರಡು ಸಲ ಕಾಲು ಕುಟ್ಟಿದರು. ವಾಪಸ್ ಬರುವಾಗ ಮಗ ಕೇಳಿದ, "ಅಮ್ಮ, ಯಾರಿಗೆ ಹಾಕಿದೆ?"

"ನಿನ್ನ ಹೆಂಡತಿ ಅಳತೆ ಪುಸ್ತಕ ಯಾರಿಗಾದ್ರೂ ತೋರಿಸ್ತಾಳೇನೋ? ಇದೂ ಹಾಗೇ" ಅಂದರು ಅತ್ತೆ.

ಟಪಾಲಣ್ಣ ಅರವತ್ತು ಓಟಿನಿಂದ ಗೆದ್ದರು. ಈಗ ನಾಲ್ಕು ತಿಂಗಳಾಯಿತು. ಅವರ ಸಹಿಯ ಅರ್ಧ ಚೀಟಿ ಅತ್ತೆಯ ಕನ್ನಡಕದ ಡಬ್ಬಿಯಲ್ಲಿದೆ. ದಿನಾ ಸಂಜೆ ಅವರು ಬೆಂಚಿನ ಮೇಲೆ ಕೂರುತ್ತಾರೆ. ಟಪಾಲಣ್ಣ ಆ ದಾರಿಯಲ್ಲಿ ಬಂದರೆ ಅತ್ತೆ ಡಬ್ಬಿಯನ್ನು ಬೆರಳಿನಿಂದ ಎರಡು ಸಲ ತಟ್ಟುತ್ತಾರೆ ಅಷ್ಟೇ. ಟಪಾಲಣ್ಣ ನಿಂತು ಲೆಕ್ಕ ಒಪ್ಪಿಸುತ್ತಾರೆ: "ರಸೀದಿ ಶುರುವಾಗಿದೆ ಅಮ್ಮ. ಬೋರ್ಡಿಗೆ ಇನ್ನೂ ಇಬ್ಬರು ಒಪ್ಪಬೇಕು."

"ಇನ್ನು ಎರಡು ತಿಂಗಳು ಇದೆ" ಅನ್ನುತ್ತಾರೆ ಅತ್ತೆ. "ಇನ್ನೊಂದು ಮಾತು. ಪ್ಯಾಂಟ್ ಬಿಗಿ ಆಗ್ತಿರೋ ಹಾಗಿದೆ, ನಡೆಯೋದು ನಿಲ್ಲಿಸ್ಬೇಡ."

ಇದನ್ನು ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ನಿಮ್ಮ ಬಾಗಿಲಿಗೂ ಓಟು ಕೇಳುವವರು ಬರುತ್ತಾರೆ. ಪಕ್ಷದವರಿರಲಿ, ಒಬ್ಬಂಟಿಯಾಗಿ ನಿಂತವರಿರಲಿ, ಏನು ಬದಲಾಯಿಸುತ್ತೀರಿ, ಯಾವತ್ತಿಗೆ ಎಂದು ಕೇಳಿ. ಉತ್ತರ ಕೇಳಿಸಿಕೊಂಡು, ನಿಮ್ಮ ಬುದ್ಧಿಗೆ ಸರಿ ಕಂಡವರಿಗೆ ಓಟು ಹಾಕಿ. ಮನೆಯಲ್ಲಿ ಕೂರಬೇಡಿ. ಕಚೇರಿಗೆ ಅರ್ಜಿ ಕೊಟ್ಟರೆ ರಸೀದಿ ಇಲ್ಲದೆ ಮೆಟ್ಟಿಲು ಇಳಿಯಬೇಡಿ. ಬಟ್ಟೆ ಹೊಲಿಯಲು ಕೊಟ್ಟು ಚೀಟಿ ಇಲ್ಲದೆ ಬರುತ್ತೀರಾ? ಊರು ನಡೆಸಲು ಕೊಟ್ಟಾಗಲೂ ಚೀಟಿ ಇಲ್ಲದೆ ಬರಬೇಡಿ.