ಈಶಾನ್ಯಕ್ಕೆ ಕೊಟ್ಟ ವಾಟ

ವೆಂಕಟರತ್ನಮ್ಮನವರ ವೈಕುಂಠ ಸಮಾರಾಧನೆ ಮುಗಿದ ವಾರಕ್ಕೆ ಅವರ ಮಗ ರಮೇಶ್‌ಬಾಬು ಕೆಂಪರಾಜುವಿಗೆ ಫೋನ್ ಮಾಡಿದ.

"ಅಣ್ಣ, ಬಚ್ಚಲುಮನೆ ಟೈಲ್ಸ್ ಕಿತ್ತು ಜಾರದಿರೋ ಟೈಲ್ಸ್ ಹಾಕ್ಬೇಕು. ಆವತ್ತು ಹಾಕಿದ್ದು ನೀವೇ ಅಲ್ವಾ, ನೀವೇ ಬನ್ನಿ."

ಕೆಂಪರಾಜು ಹೂಂ ಅಂದ. ಫೋನ್ ಇಟ್ಟ ಮೇಲೆ ತಟ್ಟೆಯಲ್ಲಿದ್ದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದ. ಆ ಬಚ್ಚಲುಮನೆಯ ಒಂದೊಂದು ಟೈಲೂ ಅವನಿಗೆ ಗೊತ್ತು. ನೀರು ಎಲ್ಲಿ ನಿಲ್ಲುತ್ತದೆ ಎಂಬುದೂ ಗೊತ್ತು.

ಮನೆ ಇದ್ದದ್ದು ಮಂಡಿಕಲ್ಲಿನಲ್ಲಿ. ಎರಡು ವರ್ಷದ ಹಿಂದೆ ಕಟ್ಟಿದ್ದು. ಗೃಹಪ್ರವೇಶಕ್ಕೆ ನಾಲ್ಕು ದಿನ ಉಳಿದಿತ್ತು, ಪತ್ರಿಕೆ ಹಂಚಿಯಾಗಿತ್ತು. ಷವರಿನ ಕೆಳಗೆ, ಪಶ್ಚಿಮದ ಗೋಡೆಯ ಬುಡದಲ್ಲಿ ನೀರು ಹೋಗುವ ಪೈಪು ಹೂತು, ಜಾಲರಿಗೆ ಜಾಗ ಬಿಟ್ಟು, ಕೆಂಪರಾಜು ನೆಲಕ್ಕೆ ಗಾರೆ ಕಲಸುತ್ತಿದ್ದ. ಆಗ ಮನೆಯ ಯಜಮಾನರು, ರಮೇಶ್‌ಬಾಬುವಿನ ಅಪ್ಪ ರಾಮಾಂಜಿನಪ್ಪನವರು ಬಂದು ನಿಂತರು. ವಾಸ್ತು ತಿಳಿದವರೊಬ್ಬರು ಹೇಳಿದ್ದರಂತೆ, ಮನೆಯೊಳಗೆ ಚೆಲ್ಲಿದ ನೀರು ಮೊದಲು ಈಶಾನ್ಯಕ್ಕೆ ಹರಿಯಬೇಕಂತೆ.

"ವಾಟ ಆ ಮೂಲೆಗೆ ಕೊಡು."

ನೀರು ಇಳಿದು ಹೋಗಲೆಂದು ನೆಲಕ್ಕೆ ಕೊಡುವ ಇಳಿಜಾರೇ ವಾಟ. ಈಶಾನ್ಯದ ಮೂಲೆ ಇದ್ದದ್ದು ಬಾಗಿಲ ಹೊಸಿಲಿನ ಪಕ್ಕದಲ್ಲಿ. ಪೈಪಿಗೂ ಅದಕ್ಕೂ ಆರು ಅಡಿ ದೂರ.

"ಅಲ್ಲಿ ನೀರು ನಿಲ್ಲುತ್ತೆ ಯಜಮಾನ್ರೆ. ಪೈಪೂ ಆ ಕಡೆ ಹಾಕ್ಬೇಕು ಅಂದ್ರೆ ಅಗೀಬೇಕು. ಇನ್ನೊಂದು ವಾರ ಆಗುತ್ತೆ."

"ಮುಹೂರ್ತ ನಿನ್ನ ಕೈಲಿದೆಯೇನಯ್ಯಾ? ಮನೆ ನಂದಾ, ನಿಂದಾ?"

ಕೆಂಪರಾಜು ಎರಡನೆಯ ಸಲ ಹೇಳಲಿಲ್ಲ. ನೆಲವನ್ನು ಈಶಾನ್ಯಕ್ಕೆ ಇಳಿಸಿ, ಅಲ್ಲಿಂದ ಗೋಡೆ ಗುಂಟ ಜಾಲರಿಯವರೆಗೆ ನಾಲ್ಕು ಬೆರಳಗಲದ ಕಾಲುವೆ ಬಿಟ್ಟ. ಕಾಲುವೆಗೆ ವಾಟ ಸಾಲದು ಎಂದು ಗೊತ್ತಿದ್ದೂ ಬಿಟ್ಟ. ಎರಡನೆಯ ಸಲ ಹೇಳಿದ್ದರೆ ಕೇಳುತ್ತಿದ್ದರೋ ಏನೋ. ಈಗ ಮಂಡಿಕಲ್ಲಿಗೆ ಹೋಗುವ ಬಸ್ಸಿನಲ್ಲಿ ಕೂತು ಅದನ್ನೇ ತಿರುಗಿಸಿ ಮುರುಗಿಸಿ ಯೋಚಿಸಿದ.

ಮನೆಯಲ್ಲಿ ಬಾಗಿಲು ತೆರೆದವಳು ಸೊಸೆ ಯಾಮಿನಿ. ಕೈಬೆರಳುಗಳ ತುದಿ ಬಿಳಿಚಿ ಚರ್ಮ ಸುಲಿದಿತ್ತು. ಬಚ್ಚಲುಮನೆಗೆ ಕರೆದುಕೊಂಡು ಹೋದವಳು ಹೊಸಿಲಲ್ಲೇ ನಿಂತಳು.

ಕೆಂಪರಾಜು ಒಳಗೆ ಹೋಗಿ ಕುಕ್ಕರುಗಾಲಲ್ಲಿ ಕೂತ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಷವರಿನ ತೂತುಗಳು ಅರ್ಧ ಮುಚ್ಚಿಹೋಗಿದ್ದವು. ಗೋಡೆಯ ಮೇಲೆ ಬಿಳಿ ಗೆರೆ ಇಳಿದಿತ್ತು. ಆದರೆ ನೆಲದಲ್ಲಿ ಪಾಚಿಯ ಸುಳಿವೂ ಇರಲಿಲ್ಲ. ಉಜ್ಜಿ ಉಜ್ಜಿ, ಆ್ಯಸಿಡ್ ಹಾಕಿ ಹಾಕಿ, ಟೈಲ್ಸ್ ನಡುವಿನ ಬಿಳಿ ಸಿಮೆಂಟೆಲ್ಲ ಕರಗಿಹೋಗಿತ್ತು. ಕರಣೆಯ ಹಿಡಿಯಿಂದ ಒಂದೊಂದನ್ನೇ ತಟ್ಟಿದ. ಸಂದಿನಲ್ಲಿ ನೀರಿಳಿದು ನಾಲ್ಕೈದು ಟೈಲುಗಳು ಟೊಳ್ಳು ಸದ್ದು ಮಾಡಿದವು.

"ಇಷ್ಟೊಂದು ಆ್ಯಸಿಡ್ ಯಾಕೆ ಹಾಕ್ದೆ ಯಾಮಿನಮ್ಮ?"

"ಜಾರಬಾರ್ದು ಅಂತ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡೇ ಮಾತಾಡಿದಳು. "ಆವತ್ತು ಶುಕ್ರವಾರ ಅಣ್ಣ. ಅತ್ತೆಗೂ ನಂಗೂ ಎಣ್ಣೆನೀರು. ನಾನು ಮೊದಲು ಸ್ನಾನ ಮಾಡಿ, ಸೀಗೆಪುಡಿ ಎಲ್ಲಾ ತೊಳೆದು, ಬಿಸಿನೀರು ಹುಯ್ದು ಬಂದೆ. ಎರಡು ಸಲ ಹುಯ್ದೆ. ಈ ಮೂಲೇಲಿ ಮಾತ್ರ ಎಷ್ಟು ತೊಳೆದ್ರೂ ನಿಂತ್ಕೊಳ್ಳುತ್ತೆ. ಅತ್ತೆ ಸ್ನಾನ ಮುಗಿಸಿ ಈಚೆಗೆ ಕಾಲಿಡೋವಾಗ..."

ಮುಂದಿನದು ಅವನಿಗೆ ತಿಳಿದಿತ್ತು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಇಪ್ಪತ್ತೆರಡನೆಯ ದಿನ ಆಸ್ಪತ್ರೆಯಲ್ಲೇ ಜೀವ ಹೋಯಿತು.

"ತಿಥಿ ದಿನ ನೆಂಟರೆಲ್ಲ ಅಂದ್ರು, ಸೊಸೆ ಎಣ್ಣೆ ತೊಳೀದೆ ಬಂದ್ಬಿಟ್ಲು ಅಂತ. ಮಾವ ಅಲ್ಲೇ ಕೂತಿದ್ರು, ಒಂದು ಮಾತು ಆಡ್ಲಿಲ್ಲ. ಇವ್ರೂ ಆಡ್ಲಿಲ್ಲ. ನಾನು ತೊಳೆದಿದ್ದೆ ಅಲ್ವಾ ಅಣ್ಣ? ಈಗೀಗ ನಂಗೇ ಅನುಮಾನ. ಒಂದೇ ಸಲ ತೊಳೆದ್ನೇನೋ."

ಕೆಂಪರಾಜು ಟೊಳ್ಳಾದ ಟೈಲೊಂದನ್ನು ಮತ್ತೆ ತಟ್ಟಿದ. ಇದು ವಾಟದ ತಪ್ಪು ತಾಯಿ, ನಿಂದಲ್ಲ ಎಂದುಬಿಡಬಹುದಿತ್ತು. ಆಮೇಲೆ ಅವಳು ಕೇಳುತ್ತಾಳೆ, ವಾಟ ಹಾಗೆ ಕೊಡಿಸಿದವರು ಯಾರು ಎಂದು. ಅದಕ್ಕೆ ಉತ್ತರ ಹೊರಗೆ ನಡುಮನೆಯಲ್ಲಿ ಕೂತಿತ್ತು.

ರಾಮಾಂಜಿನಪ್ಪನವರು ಪ್ಲಾಸ್ಟಿಕ್ ಕುರ್ಚಿ ಎಳೆಸಿಕೊಂಡು ಬಚ್ಚಲುಮನೆಯ ಎದುರಿಗೇ ಬಂದು ಕೂತರು. ಗಡ್ಡ ಬೆಳೆದು ಮುಖ ಸಣ್ಣದಾಗಿತ್ತು. ಹೆಂಡತಿ ಹೋದಾಗಿನಿಂದ ಅವರು ಇಲ್ಲಿ ಸ್ನಾನ ಮಾಡದೆ, ಹಿತ್ತಲಲ್ಲಿ ಬಕೆಟ್ಟಿಟ್ಟುಕೊಂಡು ಮಾಡುತ್ತಿದ್ದರಂತೆ.

"ಏಮಪ್ಪಾ ಕೆಂಪರಾಜು, ಟೈಲ್ಸ್ ಮಾತ್ರ ಬದಲಾಯ್ಸು. ವಾಟ ಮುಟ್ಬೇಡ."

"ವಾಟ ಹಿಂಗೇ ಇದ್ರೆ ಎಂಥ ಟೈಲ್ಸ್ ಹಾಕಿದ್ರೂ ನೀರು ನಿಲ್ಲುತ್ತೆ ಯಜಮಾನ್ರೆ. ನಾಳೆ ನೀವೇ..."

"ಮುಟ್ಬೇಡ ಅಂದ್ನಲ್ಲ!" ಕೂಗು ಮನೆಯ ತುಂಬ ಹರಡಿತು. "ವಾಟದಲ್ಲಿ ಏನೂ ತಪ್ಪಿಲ್ಲ. ಎಣ್ಣೆಗೆ ಜಾರಿದ್ಲು. ತೊಳೀಬೇಕಾದೋರು ತೊಳೀಲಿಲ್ಲ, ಅಷ್ಟೇ."

ಯಾಮಿನಿ ಅಡುಗೆಮನೆಗೆ ಹೋಗಿಬಿಟ್ಟಳು. ರಮೇಶ್‌ಬಾಬು ಅಪ್ಪನ ಮುಖ ನೋಡಿ, ಕೆಂಪರಾಜುವಿನ ಮುಖ ನೋಡಿ, "ಅಪ್ಪ ಹೇಳ್ದಂಗೆ ಮಾಡಿ ಅಣ್ಣ" ಎಂದು ಗೊಣಗಿದ.

ಮುದುಕ ಈಶಾನ್ಯದ ಮೂಲೆಯ ಕಡೆ ಮಾತ್ರ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. ಆಗ ಕೆಂಪರಾಜುವಿಗೆ ಅರ್ಥವಾಯಿತು. ಇವರಿಗೆ ಎಲ್ಲವೂ ಗೊತ್ತಿದೆ. ವಾಟ ಬದಲಾಯಿಸಿದರೆ, ರತ್ನಮ್ಮ ಸತ್ತದ್ದು ತಮ್ಮ ಮಾತಿನಿಂದ ಎಂದು ಇವರು ತಮ್ಮ ಬಾಯಲ್ಲೇ ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡರೆ ಈ ಜೀವ ಉಳಿಯುವುದಿಲ್ಲ. ಒಪ್ಪದಿದ್ದರೆ ಆ ಹೆಣ್ಣುಮಗಳು ದಿನಾ ಆ್ಯಸಿಡ್ ಹಾಕಿ ಕೈ ಸುಟ್ಟುಕೊಳ್ಳುತ್ತಾಳೆ, ಮೂಲೆಯಲ್ಲಿ ನೀರು ನಿಲ್ಲುತ್ತಲೇ ಇರುತ್ತದೆ.

ಕೆಂಪರಾಜು ಕರಣೆಯನ್ನು ಪಕ್ಕಕ್ಕಿಟ್ಟು ಎದ್ದು ನಿಂತ.

"ಯಜಮಾನ್ರೆ, ನಾನೊಂದು ಮಾತು ಹೇಳ್ಬೇಕು. ಆವತ್ತು ನೀವು ಹೇಳಿದ್ದು ಸರಿಯಾಗೇ ಇತ್ತು. ನಾನೇ ಆತುರಕ್ಕೆ ರಸಮಟ್ಟ ಇಟ್ಟು ನೆಲದ ಮಟ್ಟ ನೋಡದೆ, ಕಣ್ಣಳತೇಲಿ ಮಾಡ್ಬಿಟ್ಟೆ. ಕಾಲುವೆ ಎರಡು ನೂಲು, ಕಾಲಿಂಚು ಎತ್ತರ ಆಗೋಯ್ತು. ನೀರು ನಿಂತಿದ್ದು ಅದಕ್ಕೆ. ಯಾಮಿನಮ್ಮ ತೊಳೆದಿದ್ರೂ ನಿಲ್ತಿತ್ತು. ತಪ್ಪು ನಂದು."

ರಸಮಟ್ಟ ಇಡದೆ ಅವನು ಜೀವಮಾನದಲ್ಲಿ ಒಂದು ಟೈಲೂ ಕೂರಿಸಿದವನಲ್ಲ. ಹಾಗಾದರೆ ಹೇಳಿದ್ದು ಪೂರ್ತಿ ಸುಳ್ಳೇ? ನೀರು ನಿಲ್ಲುತ್ತದೆಂದು ಗೊತ್ತಿದ್ದೂ ಕೈ ಆಡಿಸಿದವನು ತಾನೇ ಅಲ್ಲವೇ? ಅವನಿಗೆ ತೂಗಿ ನೋಡಲು ಆಗಲಿಲ್ಲ.

ರಾಮಾಂಜಿನಪ್ಪನವರು ಅವನನ್ನು ದಿಟ್ಟಿಸಿದರು. ಆಮೇಲೆ ಎದ್ದರು.

"ನೀನಾ? ನೀನೇನೋ ಮಾಡಿದ್ದು?" ದನಿ ಮೊದಲು ಮೆಲ್ಲಗಿತ್ತು, ನಂತರ ಏರಿತು. "ಕೇಳಿಸ್ತೇನೋ ರಮೇಶ? ಇವನಂತೆ! ನಾನು ಹೇಳಿದ್ದು ಸರಿ ಇತ್ತಂತೆ! ಇವನು ಕಣ್ಣಳತೇಲಿ ಮಾಡಿದ್ನಂತೆ! ಅಯ್ಯೋ ಪಾಪಿ, ನಮ್ಮ ಮನೆ ದೀಪ ಆರಿಸಿಬಿಟ್ಯಲ್ಲೋ!"

ಅಕ್ಕಪಕ್ಕದವರು ಕಾಂಪೌಂಡಿನ ಮೇಲೆ ಇಣುಕಿದರು. ಅವರಿಗೂ ಹೇಳಿದರು. ಸಂಜೆಯೊಳಗೆ ಹೋಬಳಿಯೆಲ್ಲ ಸುದ್ದಿ ತಿರುಗುತ್ತದೆ, ಇನ್ನು ಈ ಕಡೆ ಯಾರೂ ತನ್ನನ್ನು ಕೆಲಸಕ್ಕೆ ಕರೆಯುವುದಿಲ್ಲ ಎಂದು ಕೆಂಪರಾಜುವಿಗೆ ಹೊಳೆಯಿತು. ತಲೆ ತಗ್ಗಿಸಿ ನಿಂತ. ಕೂಗಿ ಕೂಗಿ ಉಸಿರು ಕಟ್ಟಿದ ಮೇಲೆ ಮುದುಕ ಅಂದರು:

"ತೆಗಿ. ಎಲ್ಲಾ ಕಿತ್ತು ಸರಿ ಮಾಡು. ಜಾಲರಿ ಕಡೆಗೇ ಹರೀಲಿ."

ಅವನು ಉಳಿ ಎತ್ತಿಕೊಂಡ. ಹಿಂದೆ ಯಾಮಿನಿ ಬಂದು ನಿಂತದ್ದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು.

"ನಾನು ತೊಳೆದಿದ್ದೆ," ಎಂದಳು.

"ಹೂಂ ತಾಯಿ. ನೀನು ತೊಳೆದಿದ್ದೆ."

ಅವಳ ಕಣ್ಣು ತುಂಬಿ ಬಂತು. ಸಾವಿನ ಮನೆಯಲ್ಲೂ ಅತ್ತಿರಲಿಲ್ಲವಂತೆ. ಈಗ ಬಾಗಿಲಿಗೆ ಒರಗಿ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅತ್ತು ಸಾಕಾದ ಮೇಲೆ ಮುಖ ಒರೆಸಿಕೊಂಡು ಅವನನ್ನು ನೋಡಿದಳು. ಆ ನೋಟ ಬೇರೆಯಾಗಿತ್ತು.

"ಮನೆ ಕಟ್ಟೋವಾಗ ನಮ್ಮತ್ತೆ ನಿಮ್ಗೆ ದಿನಾ ಕೂತು ಬಡಿಸ್ತಿದ್ರು. ಗೊತ್ತಿದ್ದೂ ಎರಡು ವರ್ಷ ಸುಮ್ನಿದ್ರಲ್ಲ. ಒಂದು ಮಾತು ಹೇಳಕ್ಕೆ ನಿಮ್ಗೇನಾಗಿತ್ತು?"

ಕೆಂಪರಾಜು ಉಳಿಯನ್ನು ಟೈಲಿನ ಸಂದಿಗೆ ಇಟ್ಟು ಹೊಡೆದ. ಅವಳು ಅಂದದ್ದು ನಿಜವೇ ಆಗಿತ್ತು. ಆಮೇಲೆ ಕೆಲಸ ಮುಗಿಯುವ ತನಕ ಅವಳು ಅವನನ್ನು ಅಣ್ಣ ಎಂದು ಕರೆಯಲಿಲ್ಲ.

ಹಳೆಯ ಗಾರೆ ಒಡೆದು, ಹೊಸ ವಾಟ ಕಟ್ಟಿ, ಒರಟು ಮೈಯ ಟೈಲ್ಸ್ ಕೂರಿಸಿ, ಸಂದು ತುಂಬಿ ಒಣಗಲು ಬಿಟ್ಟ. ನಾಲ್ಕನೆಯ ದಿನ ಬೆಳಿಗ್ಗೆ ಬಂದಾಗ ರಾಮಾಂಜಿನಪ್ಪನವರು ಒಬ್ಬರೇ ಇದ್ದರು. ಅವನು ಒಂದು ಬಕೆಟ್ ನೀರನ್ನು ಈಶಾನ್ಯದ ಮೂಲೆಗೆ ಸುರಿದ. ನೀರು ಅಲ್ಲಿ ಅರೆಕ್ಷಣವೂ ನಿಲ್ಲದೆ ಷವರಿನ ಕೆಳಗೆ ಓಡಿ ಜಾಲರಿಯೊಳಗೆ ಇಳಿದುಹೋಯಿತು. ಮೂಲೆಯಲ್ಲಿ ಒದ್ದೆ ಮಾತ್ರ ಉಳಿಯಿತು.

ಮುದುಕ ಹೊಸಿಲ ಮೇಲೆ ನಿಂತು ನೋಡಿದರು. ಇನ್ನೊಂದು ಬಕೆಟ್ ಸುರಿಸಿದರು. ಅದೂ ಹಾಗೆಯೇ ಹೋಯಿತು.

"ಆವತ್ತೇ ಹಿಂಗೆ ಮಾಡಿದ್ದಿದ್ರೆ ನಮ್ಮ ರತ್ನ ಇರ್ತಿದ್ಲು, ಅಲ್ವೇನೋ?"

ಈಗ ಕೇಳುವವರು ಯಾರೂ ಇರಲಿಲ್ಲ. ಕೂಗಿ ಹೇಳುವ ಅಗತ್ಯವೂ ಇರಲಿಲ್ಲ. ಆದರೂ ಅವರು ಕೆಂಪರಾಜುವಿನ ಮುಖ ನೋಡಲಿಲ್ಲ. ಅವನ ಭುಜದ ಮೇಲೆ ಕೈಯಿಟ್ಟರು. ಆ ಕೈ ಬೀಳುವವನ ಕೈಯಂತೆ ಅಂಗಿಯನ್ನು ಬಿಗಿಯಾಗಿ ಹಿಡಿಯಿತು.

"ಹೂಂ ಯಜಮಾನ್ರೆ," ಎಂದ ಕೆಂಪರಾಜು. "ನಂದೇ ತಪ್ಪು."

ಕೈ ಸಡಿಲವಾಗುವ ತನಕ ಅಲುಗಾಡದೆ ನಿಂತ.