ಮುದ್ರೆ ಒಡೆಯದ ಪಾಂಡಾ

ಶೂಫೆನ್ ಕತ್ತರಿ ಎತ್ತಿದ್ದೇ ತಡ, ನಾಣ್ಯದ ಪೇಟೆಯಲ್ಲಿ ಗಂಡನ ಜೊತೆಗಾರನಾಗಿದ್ದ ಲ್ಯಾಂಗ್ ಓಡಿಬಂದು ಆಕೆಯ ಮಣಿಕಟ್ಟು ಹಿಡಿದುಕೊಂಡ.

"ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ, ಬೇಡ! ಟಂಕಸಾಲೆಯವರು ಹಾಕಿದ ಮುದ್ರೆ ಅದು. ಕತ್ತರಿಸಿದ್ರೆ ಬೆಲೆ ಅರ್ಧಕ್ಕಿಳಿಯುತ್ತೆ."

"ನಿಮ್ಮಣ್ಣ ಅಲ್ಲಿಗೆ ಹೋಗಿ ಯಾರಿಗೆ ಮಾರಬೇಕು?"

ಸ್ಮಶಾನದ ಕೋಣೆಯ ಮೇಜಿನ ಮೇಲೆ ಚಿತಾಭಸ್ಮದ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಬೆಳಿಗ್ಗೆ ಬೂದಿಯಾದ ಅವಳ ಗಂಡ ಗುವಾನ್ ದೆಶಾನ್ ಶೆನ್ಯಾಂಗ್ ನಗರದ ಆ ಪೇಟೆಯಲ್ಲಿ ಮೂವತ್ತೈದು ವರ್ಷ ಸ್ಮಾರಕ ನಾಣ್ಯ, ಪದಕಗಳಿಗೆ ಬೆಲೆ ಕಟ್ಟಿದವನು. ಬೆರಳಿನ ಕಲೆ ಒಂದಿದ್ದರೂ ಮುಲಾಜಿಲ್ಲದೆ ನೂರು ಯುವಾನ್ ಇಳಿಸುತ್ತಿದ್ದ.

"ನನ್ನ ಕಂಚಿನ ಪದಕಕ್ಕೆ ಕಡಿಮೆ ಹೇಳಿದ್ರು ಅಂತ ಮೂರು ತಿಂಗಳು ಮಾತು ಬಿಟ್ಟಿದ್ದೆ," ಎಂದ ಪೇಟೆಯವನೊಬ್ಬ. "ಕೊನೆಗೆ ಅಷ್ಟಕ್ಕೇ ಹೋಯ್ತು, ದರಿದ್ರದ್ದು."

ಎಲ್ಲರೂ ನಕ್ಕರು. ಶೂಫೆನ್ ಕೂಡ.

ಪೆಟ್ಟಿಗೆಯೊಳಗೆ ಒಂದು ನಾಣ್ಯ ಇಟ್ಟು ಮುಚ್ಚುವುದು ವಾಡಿಕೆ. ಜನ ಜೇಬಿನ ಚಿಲ್ಲರೆ ಇಡುತ್ತಾರೆ. ಶೂಫೆನ್ ಮಾತ್ರ ಬೀರುವಿನಲ್ಲಿದ್ದ ಅವನ ಪಾಂಡಾ ಚಿತ್ರದ ಬೆಳ್ಳಿ ನಾಣ್ಯವನ್ನು, ಟಂಕಸಾಲೆಯವರು ಮುದ್ರೆ ಹಾಕಿ ಮುಚ್ಚಿದ್ದ ಪ್ಲಾಸ್ಟಿಕ್ ಚೀಲದ ಸಮೇತ ತಂದಿದ್ದಳು.

*

ದೆಶಾನ್‌ನ ಪ್ರತಿ ಹುಟ್ಟುಹಬ್ಬಕ್ಕೂ ಅದೇ ಕತೆ. ದೀರ್ಘಾಯುಷ್ಯಕ್ಕೆಂದು ಉದ್ದನೆಯ ಶಾವಿಗೆ ಉಂಡು, ಕೈ ತೊಳೆದು, ನಾಣ್ಯವನ್ನೂ ಕತ್ತರಿಯನ್ನೂ ಮುಂದಿಟ್ಟುಕೊಂಡು ಕೂರುತ್ತಿದ್ದ.

"ಇವತ್ತು ಒಡೆದೇ ಬಿಡ್ತೀನಿ. ಇದು ಮಾರೋಕೆ ತಂದದ್ದಲ್ಲ, ಮುಟ್ಟೋಕೆ ತಂದದ್ದು."

ಆಮೇಲೆ ಆ ವರ್ಷದ ಬೆಲೆ ನೋಡುತ್ತಿದ್ದ. ಏರಿದ್ದರೆ, "ಈಗ ಒಡೆದ್ರೆ ಹುಚ್ಚುತನ." ಇಳಿದಿದ್ದರೆ, "ತಾಳು, ಏರುತ್ತೆ."

"ಪುಣ್ಯಕ್ಕೆ ನನಗೆ ಯಾರೂ ಮುದ್ರೆ ಹಾಕಿರ್ಲಿಲ್ಲ," ಎನ್ನುತ್ತಿದ್ದಳು ಶೂಫೆನ್. "ಇಲ್ದಿದ್ರೆ ನಾನೂ ಬೀರುವಿನಲ್ಲೇ ಇರ್ತಿದ್ದೆ."

ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕು ನಾಣ್ಯವನ್ನು ಒಳಗಿಡುತ್ತಿದ್ದ. ಸುಖವಾಗಿಯೇ ಇದ್ದರು.

ಹೋದ ತಿಂಗಳು ಎಪ್ಪತ್ತೊಂದು ತುಂಬಿದಾಗ ಕತ್ತರಿ ಹಿಡಿಯುವ ಬಲ ಅವನ ಕೈಯಲ್ಲಿ ಇರಲಿಲ್ಲ. "ನೀನೇ ಕತ್ತರಿಸ್ತೀಯಾ?" ಎಂದು ಕೇಳಿದ. ಬೆಲೆ ವಿಚಾರಿಸಲಿಲ್ಲ. ಅವಳು ಕತ್ತರಿ ಹುಡುಕಿ ತರುವಷ್ಟರಲ್ಲಿ ನಿದ್ದೆ ಹೋಗಿದ್ದ. ಮರುದಿನ ಅವನು ಮತ್ತೆ ಕೇಳಲಿಲ್ಲ, ಅವಳೂ ನೆನಪಿಸಲಿಲ್ಲ. ಯಾಕೆ ನೆನಪಿಸಲಿಲ್ಲವೋ ಎಂದು ಈಗ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

*

"ಇಡಲೇಬೇಕು ಅಂದ್ರೆ ಚೀಲದ ಸಮೇತ ಇಡಿ," ಎಂದು ಲ್ಯಾಂಗ್ ರಾಜಿಗೆ ಬಂದ.

"ಅಲ್ಲೂ ಹೊರಗಿಂದಲೇ ನೋಡ್ತಾ ಕೂರ್ಬೇಕಾ ಅವರು? ಬಿಡಿ ಕೈ."

ಕತ್ತರಿ ಕಚಕ್ಕೆಂದಿತು. ಪೇಟೆಯವರಲ್ಲಿ ಇಬ್ಬರು ಕಣ್ಣು ಮುಚ್ಚಿಕೊಂಡರು. ಅಂಗೈಗೆ ಬಿದ್ದ ನಾಣ್ಯ ಮಂಜುಗಡ್ಡೆಯಷ್ಟು ತಣ್ಣಗಿತ್ತು. ಶೂಫೆನ್ ಅದನ್ನು ಲ್ಯಾಂಗ್‌ನ ಮುಂದೆ ಹಿಡಿದಳು. ಅವನು ಅಭ್ಯಾಸಬಲದಿಂದ ಜೇಬಿನ ಬಿಳಿ ಕೈಗವಸಿಗಾಗಿ ತಡಕಾಡಿದ.

"ಬರಿಗೈಲಿ ತಗೊಳ್ಳಿ."

ಲ್ಯಾಂಗ್ ಮೊದಲು ಅಂಚನ್ನಷ್ಟೇ ಹಿಡಿದ. ಆಮೇಲೆ, ಕದಿಯುವವನ ಹಾಗೆ ಅತ್ತಿತ್ತ ನೋಡಿ, ಪಾಂಡಾದ ಹೊಟ್ಟೆಯ ಮೇಲೆ ಹೆಬ್ಬೆರಳು ಒತ್ತಿದ.

"ಎಷ್ಟು ನುಣುಪಾಗಿದೆ ಅಣ್ಣಾ!" ಎಂದು ಪೆಟ್ಟಿಗೆಗೇ ಹೇಳಿ ಗಳಗಳನೆ ಅತ್ತುಬಿಟ್ಟ.

ನಾಣ್ಯ ಕೈಯಿಂದ ಕೈಗೆ ಹೋಯಿತು. ಪೇಟೆಯವರು ಒಬ್ಬೊಬ್ಬರೇ ಬರಿಗೈಲಿ ತೆಗೆದುಕೊಂಡರು, ಉಜ್ಜಿದರು, ಮುಷ್ಟಿಯೊಳಗೆ ಹಿಡಿದು ನೋಡಿದರು. ಕೊನೆಗೆ ಶೂಫೆನ್ ಕೈಗೆ ಮರಳಿದಾಗ ಪಾಂಡಾದ ಮುಖ ಕಾಣದಷ್ಟು ಬೆರಳಚ್ಚುಗಳು ತುಂಬಿದ್ದವು, ನಾಣ್ಯ ಬೆಚ್ಚಗಿತ್ತು. ಆರುವ ಮೊದಲೇ ಅವಳು ಅದನ್ನು ಬೂದಿಯ ಮೇಲಿಟ್ಟಳು.